ಪರ್ಸ್ ಕಳೆದಿದೆ, ನಾಳೆ ವಿಮಾನವಿದೆ

ಕಾಶಿ ವಿಶ್ವನಾಥನ ಗುಡಿಯೊಳಗೆ ಮೊಬೈಲ್ ಬಿಡುವುದಿಲ್ಲ. ಹಾಗಾಗಿ ಯಾತ್ರಿಕರು ಫೋನನ್ನು ಹೊರಗಿನ ಲಾಕರಿನಲ್ಲಿ ಇಟ್ಟು, ಪರ್ಸನ್ನು ಜೇಬಿನಲ್ಲೇ ಇಟ್ಟುಕೊಂಡು ಸರದಿಯಲ್ಲಿ ನಿಲ್ಲುತ್ತಾರೆ. ದರ್ಶನ ಮುಗಿಸಿ, ಹೊರಗೆ ಬಂದು ಚಹಾಕ್ಕೆ ದುಡ್ಡು ಕೊಡಲು ಕೈ ಹಾಕಿದರೆ ಪರ್ಸ್ ಇಲ್ಲ. ಆಧಾರ್, ಡ್ರೈವಿಂಗ್ ಲೈಸೆನ್ಸ್, ಪ್ಯಾನ್, ಎಟಿಎಂ ಕಾರ್ಡು ಎಲ್ಲವೂ ಅದರಲ್ಲೇ ಇದ್ದವು. ಬೆಂಗಳೂರಿನ ವಿಮಾನ ಹೊರಡುವುದು ಮರುದಿನ, ಊರಿನಿಂದ ಸುಮಾರು 25 ಕಿ.ಮೀ. ಆಚೆಯ ಬಾಬತ್‌ಪುರದಿಂದ. ಜಗನ್ನಾಥ ಪುರಿಯಲ್ಲೋ, ದಿಲ್ಲಿಯ ಮೆಟ್ರೊದಲ್ಲೋ, ಮುಂಬೈ ಲೋಕಲ್ ರೈಲಿನಲ್ಲೋ ಯಾರಿಗಾದರೂ ಆಗಬಹುದಾದದ್ದೇ ಇದು. ಈ ಹೊತ್ತಿನಲ್ಲಿ ಬಹಳ ಜನ ಮಾಡುವ ಯೋಚನೆ ಒಂದೇ: ಬೇಗ ಏರ್‌ಪೋರ್ಟಿಗೆ ಹೋಗಿ ಅಲ್ಲಿದ್ದವರಿಗೆ ವಿಷಯ ತಿಳಿಸಿ ಹೇಗಾದರೂ ಒಪ್ಪಿಸೋಣ. ದಯವಿಟ್ಟು ಹಾಗೆ ಮಾಡಬೇಡಿ. ನಿಮಗಿರುವ ಕೆಲವು ಗಂಟೆಗಳನ್ನು ಏರ್‌ಪೋರ್ಟ್ ತಲುಪುವ ಮೊದಲೇ ಬಳಸಿಕೊಳ್ಳಬೇಕು.

ಏಕೆಂದರೆ ಟರ್ಮಿನಲ್ ಬಾಗಿಲಲ್ಲಿ ನಿಮ್ಮ ಗುರುತಿನ ಚೀಟಿ ನೋಡುವುದು ವಿಮಾನ ಕಂಪನಿಯ ಸಿಬ್ಬಂದಿಯಲ್ಲ, ಕೇಂದ್ರ ಕೈಗಾರಿಕಾ ಭದ್ರತಾ ಪಡೆಯ, ಅಂದರೆ ಸಿಐಎಸ್‌ಎಫ್‌ನ ಯೋಧರು. 1999ರ ಡಿಸೆಂಬರಿನಲ್ಲಿ ಐಸಿ 814 ವಿಮಾನದ ಅಪಹರಣ ನಡೆದ ಮೇಲೆ, 2000ದ ಫೆಬ್ರುವರಿಯಲ್ಲಿ ಜೈಪುರದಿಂದ ಆರಂಭಿಸಿ ಒಂದೊಂದೇ ವಿಮಾನ ನಿಲ್ದಾಣದ ಕಾವಲು ಈ ಪಡೆಯ ಕೈಗೆ ಬಂತು. ಅವರು ಪಾಲಿಸುವ ನಿಯಮ ಬರೆಯುವುದು ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ, ಅಂದರೆ ಬಿಸಿಎಎಸ್. ಬಾಗಿಲಲ್ಲಿರುವ ಯೋಧನಿಗೆ ನಿಮ್ಮ ಮೇಲೆ ಕನಿಕರ ಇರಬಹುದು, ನಿಮ್ಮ ಮಾತು ನಿಜವೆಂದು ಅನಿಸಲೂಬಹುದು. ಆದರೆ ಬಿಸಿಎಎಸ್ ಒಪ್ಪಿದ ದಾಖಲೆಗಳ ಪಟ್ಟಿಯಲ್ಲಿ ಇಲ್ಲದ್ದನ್ನು ಒಪ್ಪಿಕೊಂಡು ಒಳಗೆ ಬಿಟ್ಟರೆ ನಾಳೆ ಉತ್ತರ ಹೇಳಬೇಕಾದವನು ಅವನೇ. ಹಾಗಾಗಿ ಅವನು ಒಪ್ಪಿಕೊಳ್ಳಬಲ್ಲಂಥ ಒಂದು ದಾಖಲೆಯನ್ನು ಅವನ ಕೈಗೆ ಕೊಡುವುದೇ ನಮ್ಮ ಕೆಲಸ.

ಬಿಸಿಎಎಸ್ 2017ರ ಅಕ್ಟೋಬರಿನಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ ಆ ಪಟ್ಟಿ ಇದೆ. ಪಾಸ್‌ಪೋರ್ಟ್, ಮತದಾರರ ಗುರುತಿನ ಚೀಟಿ, ಆಧಾರ್ ಅಥವಾ ಎಂ-ಆಧಾರ್, ಪ್ಯಾನ್ ಕಾರ್ಡ್, ಡ್ರೈವಿಂಗ್ ಲೈಸೆನ್ಸ್ ನಮಗೆಲ್ಲ ಗೊತ್ತಿರುವವು. ಇವುಗಳ ಜೊತೆಗೆ ಸೇವಾ ಗುರುತಿನ ಚೀಟಿ, ವಿದ್ಯಾರ್ಥಿ ಗುರುತಿನ ಚೀಟಿ, ಫೋಟೊ ದೃಢೀಕರಿಸಿದ ರಾಷ್ಟ್ರೀಕೃತ ಬ್ಯಾಂಕ್ ಪಾಸ್‌ಬುಕ್, ಫೋಟೊ ಇರುವ ಪಿಂಚಣಿ ದಾಖಲೆ, ಅಂಗವಿಕಲರ ಗುರುತಿನ ಚೀಟಿ ಇವೂ ನಡೆಯುತ್ತವೆ. ಇವುಗಳಲ್ಲಿ ಯಾವುದಾದರೂ ಒಂದು ಸಾಕು. ಪರ್ಸ್ ಹೋದ ಗಾಬರಿಯಲ್ಲಿ ಇದು ಮರೆತೇ ಹೋಗುತ್ತದೆ. ನಿವೃತ್ತ ಮೇಷ್ಟ್ರ ಸೂಟ್‌ಕೇಸಿನ ಅಡಿಯಲ್ಲಿ ಪಿಂಚಣಿ ಕಾರ್ಡು ಇರಬಹುದು, ಮಗಳ ಬ್ಯಾಗಿನಲ್ಲಿ ಕಾಲೇಜಿನ ಚೀಟಿ ಇರಬಹುದು. ಮೊದಲು ಎಲ್ಲ ಚೀಲಗಳನ್ನೂ ಮಂಚದ ಮೇಲೆ ಸುರಿದು ನೋಡಿ. ಖಾಸಗಿ ಕಂಪನಿಯ ಬ್ಯಾಡ್ಜ್ ಒಂದನ್ನೇ ನಂಬಿಕೊಂಡು ಮಾತ್ರ ಹೋಗಬೇಡಿ.

ಚೀಟಿಯಲ್ಲಿರುವ ಹೆಸರು ಟಿಕೆಟ್ಟಿನಲ್ಲಿರುವ ಹೆಸರಿಗೆ ಹೊಂದಬೇಕು ಎಂಬ ನಿಯಮ ಕನ್ನಡಿಗರನ್ನು ವಿಶೇಷವಾಗಿ ಕಾಡುತ್ತದೆ. ಆಧಾರ್‌ನಲ್ಲಿ ಇನಿಷಿಯಲ್, ಪ್ಯಾನ್‌ನಲ್ಲಿ ಊರು ಮತ್ತು ತಂದೆಯ ಹೆಸರು ಪೂರ್ತಿ, ಮತದಾರರ ಚೀಟಿಯಲ್ಲಿ ಬರೇ ಹೆಸರು. ಹೀಗೆ ಒಬ್ಬರೇ ಮೂರು ಕಡೆ ಮೂರು ಥರ ಇರುತ್ತೇವೆ. ಬದಲಿ ದಾಖಲೆ ಹುಡುಕುವಾಗ ಟಿಕೆಟ್ಟಿನ ಹೆಸರಿಗೆ ಹತ್ತಿರವಾದದ್ದನ್ನೇ ಆರಿಸಿಕೊಳ್ಳಿ.

ಫೋನ್ ಉಳಿದಿದ್ದರೆ

ಪರ್ಸ್ ಹೋಗಿ ಫೋನ್ ಕೈಯಲ್ಲಿದ್ದರೆ, ಅದರಲ್ಲಿ ಆಧಾರ್‌ಗೆ ಜೋಡಿಸಿದ ನಂಬರಿನ ಸಿಮ್ ಇದ್ದರೆ, ಇದು ಅರ್ಧ ಗಂಟೆಯ ಕೆಲಸ. ಎಂ-ಆಧಾರ್ ಆ್ಯಪ್ ಹಾಕಿಕೊಂಡು, ಆಧಾರ್ ಸಂಖ್ಯೆ ನಮೂದಿಸಿ, ಬಂದ ಒಟಿಪಿ ಕೊಟ್ಟರೆ ನಿಮ್ಮ ಆಧಾರ್ ಪರದೆಯ ಮೇಲೆ ಬರುತ್ತದೆ. ಬಿಸಿಎಎಸ್ ಪಟ್ಟಿಯಲ್ಲಿ ಎಂ-ಆಧಾರ್ ಹೆಸರೇ ಇರುವುದರಿಂದ ವಾದಕ್ಕೆ ಎಡೆಯಿಲ್ಲ. ಜೊತೆಗೆ ಆಧಾರ್ ಪ್ರಾಧಿಕಾರವಾದ ಯುಐಡಿಎಐ ಜಾಲತಾಣದಿಂದ ಇ-ಆಧಾರ್ ಪಿಡಿಎಫ್ ಇಳಿಸಿಕೊಂಡು ಹತ್ತಿರದ ಅಂಗಡಿಯಲ್ಲಿ ಕಲರ್ ಪ್ರಿಂಟ್ ತೆಗೆಸಿಕೊಳ್ಳಿ. ಆ ಕಡತ ತೆರೆಯುವ ಪಾಸ್‌ವರ್ಡ್: ನಿಮ್ಮ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರಗಳು ದೊಡ್ಡಕ್ಷರದಲ್ಲಿ, ಅದರ ಬೆನ್ನಿಗೇ ಹುಟ್ಟಿದ ಇಸವಿ. ಫೋನಿನ ಬ್ಯಾಟರಿ ಕೈಕೊಟ್ಟರೂ ಕಾಗದ ಕೈಯಲ್ಲಿರುತ್ತದೆ.

2015ರಲ್ಲಿ ಆರಂಭವಾದ ಡಿಜಿಲಾಕರ್ ಇನ್ನೊಂದು ಆಸರೆ. ಅದರಲ್ಲಿ ಎರಡು ಭಾಗಗಳಿವೆ ಎಂಬುದು ಮುಖ್ಯ. ಸರಕಾರಿ ಇಲಾಖೆಯೇ ನೇರವಾಗಿ ಕಳಿಸಿದ ದಾಖಲೆಗಳು ಒಂದು ಕಡೆ, ನೀವೇ ಫೋಟೊ ತೆಗೆದು ಏರಿಸಿದ್ದು ಇನ್ನೊಂದು ಕಡೆ. ಮೊದಲನೆಯದಕ್ಕೆ ಕಾನೂನಿನಲ್ಲಿ ಮೂಲ ದಾಖಲೆಯ ಮಾನ್ಯತೆ ಇದೆ, ಎರಡನೆಯದಕ್ಕೆ ಇಲ್ಲ. ಗ್ಯಾಲರಿಯಲ್ಲಿರುವ ಆಧಾರ್ ಫೋಟೊ, ವಾಟ್ಸ್ಆ್ಯಪಿನಲ್ಲಿ ಮನೆಯವರು ಕಳಿಸಿದ ಲೈಸೆನ್ಸಿನ ಚಿತ್ರ ಇವೂ ಎರಡನೆಯ ಗುಂಪಿನವೇ. ಬಾಗಿಲಲ್ಲಿ ಸ್ಕ್ರೀನ್‌ಶಾಟ್ ತೋರಿಸುವ ಬದಲು ಆ್ಯಪನ್ನೇ ತೆರೆದು ತೋರಿಸಿ. ಮತದಾರರ ಚೀಟಿಯ ಡಿಜಿಟಲ್ ರೂಪವಾದ ಇ-ಎಪಿಕ್ ಅನ್ನು ಚುನಾವಣಾ ಆಯೋಗ 2021ರ ಜನವರಿಯಲ್ಲಿ ತಂದಿದೆ. ಅದನ್ನೂ ಪಿಡಿಎಫ್ ಆಗಿ ಇಳಿಸಿಕೊಳ್ಳಬಹುದು.

ವಯಸ್ಸಾದ ತಂದೆ ತಾಯಿ ಯಾತ್ರೆಗೆ ಹೋದಾಗಿನ ಪರಿಸ್ಥಿತಿ ಬೇರೆ. ಅನೇಕ ಮನೆಗಳಲ್ಲಿ ಅಮ್ಮನ ಆಧಾರ್‌ಗೆ ಜೋಡಿಸಿರುವುದು ಮಗನ ನಂಬರು. ಅಮ್ಮ ಇರುವುದು ಕಾಶಿಯಲ್ಲಿ, ಒಟಿಪಿ ಬರುವುದು ಮೈಸೂರಿಗೆ. ಇದು ತೊಡಕಿನಂತೆ ಕಂಡರೂ ಈ ಸಂದರ್ಭದಲ್ಲಿ ವರವೇ. ಅಮ್ಮನ ಪರ್ಸು, ಫೋನು ಎರಡೂ ಹೋಗಿದ್ದರೂ ಮಗ ಮೈಸೂರಿನಲ್ಲೇ ಕುಳಿತು ಇ-ಆಧಾರ್ ಇಳಿಸಿ, ಅಮ್ಮ ತಂಗಿರುವ ಹೋಟೆಲಿನ ಇಮೇಲಿಗೆ ಕಳಿಸಿ, ಅಲ್ಲಿಯೇ ಪ್ರಿಂಟ್ ತೆಗೆಸಿಕೊಡಲು ಕೇಳಬಹುದು. ಯಾರ ಆಧಾರ್‌ಗೆ ಯಾವ ನಂಬರು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದರೆ ಆ ರಾತ್ರಿ ಸುಲಭವಾಗಿ ಕಳೆಯುತ್ತದೆ.

ಕಾಶ್ಮೀರಕ್ಕೆ ಹೋಗುವವರಿಗೆ ಒಂದು ಮಾತು. ಬೇರೆ ರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು ಮತ್ತು ಕಾಶ್ಮೀರದಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಮಾತ್ರ ನಡೆಯುತ್ತದೆ. ಹೋಟೆಲಿನ ವೈಫೈಯಲ್ಲಿ ಆ್ಯಪ್ ತೆರೆದುಕೊಂಡರೂ ಒಟಿಪಿ ಬಾರದೆ ಎಲ್ಲವೂ ನಿಂತುಬಿಡುತ್ತದೆ. ಇ-ಆಧಾರ್ ಪಿಡಿಎಫ್, ಎಂ-ಆಧಾರ್ ಎರಡನ್ನೂ ಬೆಂಗಳೂರು ಬಿಡುವ ಮೊದಲೇ ಫೋನಿನಲ್ಲಿ ಸಿದ್ಧ ಮಾಡಿಕೊಳ್ಳಿ. ಶ್ರೀನಗರದಲ್ಲಿ ಟರ್ಮಿನಲ್‌ಗಿಂತ ಬಹಳ ಮೊದಲೇ, ರಸ್ತೆಯ ಗೇಟಿನಲ್ಲೇ ತಪಾಸಣೆ ಆರಂಭವಾಗುತ್ತದೆ.

ಡಿಜಿ ಯಾತ್ರಾ ಬಳಸುವವರಿಗೆ ಪರ್ಸ್ ಕಳೆದ ಏಟು ಕಡಿಮೆ. 2022ರ ಡಿಸೆಂಬರ್ 1ರಂದು ದಿಲ್ಲಿ, ಬೆಂಗಳೂರು, ವಾರಾಣಸಿಗಳಲ್ಲಿ ಮೊದಲು ಬಂದ ಈ ವ್ಯವಸ್ಥೆಯಲ್ಲಿ ಆಧಾರ್ ಮೂಲಕ ಒಮ್ಮೆ ನೋಂದಾಯಿಸಿಕೊಂಡು, ಬೋರ್ಡಿಂಗ್ ಪಾಸನ್ನು ಆ್ಯಪಿಗೆ ಸೇರಿಸಿದರೆ ಮುಖ ನೋಡಿಯೇ ಬಾಗಿಲು ತೆರೆಯುತ್ತದೆ. ಆದರೂ ಯಂತ್ರ ಮುಖ ಗುರುತಿಸದಿದ್ದರೆ ನಿಮ್ಮನ್ನು ಮಾಮೂಲಿ ಸಾಲಿಗೇ ಕಳಿಸುತ್ತಾರೆ. ಹಾಗಾಗಿ ಇ-ಆಧಾರ್ ಪ್ರಿಂಟ್ ಜೊತೆಗಿರಲಿ.

ಫೋನೂ ಹೋಗಿದ್ದರೆ

ಇದು ನಿಜವಾದ ಕಷ್ಟ. ಹೊಸ ಸಿಮ್ ಪಡೆದರೆ ಎಲ್ಲ ಸರಿಹೋಗುತ್ತದೆ ಎಂದು ತೋರುತ್ತದೆ, ಆದರೆ ಸಿಮ್ ಕೊಡಲೂ ಗುರುತು ಬೇಕು. ಈ ಸುತ್ತಿನಿಂದ ಹೊರಬರಲು ದಾರಿ ನಿಮ್ಮ ಬೆರಳಲ್ಲೇ ಇದೆ. ಮೊಬೈಲ್ ಕಂಪನಿಯ ಅಧಿಕೃತ ಮಳಿಗೆಯಲ್ಲಿ ಆಧಾರ್ ಸಂಖ್ಯೆ ಹೇಳಿ ಬೆರಳಚ್ಚು ಕೊಟ್ಟರೆ ಅದೇ ನಂಬರಿನ ಸಿಮ್ ಸಿಗುತ್ತದೆ. ಆದರೆ ಸಿಮ್ ಬದಲಿಸಿದ ಮೇಲೆ 24 ಗಂಟೆ ಎಸ್ಎಂಎಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಕಳ್ಳರು ಬೇರೆಯವರ ಸಿಮ್ ಪಡೆದು ಬ್ಯಾಂಕ್ ಖಾತೆ ದೋಚುವುದನ್ನು ತಡೆಯಲು ದೂರಸಂಪರ್ಕ ಇಲಾಖೆ ಮಾಡಿದ ಏರ್ಪಾಡು ಇದು. ನಾಳೆ ಬೆಳಗ್ಗೆಯೇ ವಿಮಾನವಿದ್ದರೆ ಹೊಸ ಸಿಮ್ಮಿನ ಒಟಿಪಿಯನ್ನು ನಂಬುವಂತಿಲ್ಲ.

ಆಗ ನೇರವಾಗಿ ಆಧಾರ್ ಕೇಂದ್ರಕ್ಕೆ ಹೋಗುವುದು ಒಳ್ಳೆಯದು. ಅಲ್ಲಿ ಬೆರಳಚ್ಚು ಕೊಟ್ಟು, ಸಣ್ಣ ಶುಲ್ಕ ಕಟ್ಟಿ, ನಿಮ್ಮ ಆಧಾರ್‌ನ ಕಲರ್ ಪ್ರಿಂಟ್ ಪಡೆಯಬಹುದು. ಇದಕ್ಕೆ ಒಟಿಪಿ ಬೇಡ. ದೊಡ್ಡ ಊರುಗಳ ಆಧಾರ್ ಸೇವಾ ಕೇಂದ್ರಗಳಲ್ಲದೆ ಹಲವು ಬ್ಯಾಂಕ್ ಶಾಖೆ, ಅಂಚೆ ಕಚೇರಿಗಳಲ್ಲೂ ಇಂಥ ಕೌಂಟರುಗಳಿವೆ. ಯಾವುದು ಹತ್ತಿರ ಎಂದು ತಿಳಿಯಲು ಆಧಾರ್ ಸಹಾಯವಾಣಿ 1947ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೂ ಮಾತನಾಡುತ್ತಾರೆ. ಸುರಕ್ಷತೆಗೆಂದು ಬಯೋಮೆಟ್ರಿಕ್ ಲಾಕ್ ಮಾಡಿಟ್ಟವರ ಬೆರಳಚ್ಚನ್ನು ಯಂತ್ರ ಒಪ್ಪುವುದಿಲ್ಲ, ಲಾಕ್ ತೆಗೆಯಲು ಮತ್ತೆ ಒಟಿಪಿ ಬೇಕಾಗುತ್ತದೆ. ಲಾಕ್ ಮಾಡುವುದು ಒಳ್ಳೆಯ ಅಭ್ಯಾಸವೇ, ಆದರೆ ಪ್ರವಾಸಕ್ಕೆ ಹೊರಡುವ ಮುನ್ನ ಅದು ನೆನಪಿರಲಿ. ದುಡಿದು ಬೆರಳಿನ ಗೆರೆ ಸವೆದ ಹಿರಿಯರಿಗೂ ಬೆರಳಚ್ಚು ಕೂಡುವುದು ಕಷ್ಟ. ಅವರಿಗೆ ಕಣ್ಣಿನ ಪಾಪೆಯ ಸ್ಕ್ಯಾನ್ ಮಾಡುವಂತೆ ನೀವೇ ಕೇಳಿ.

ಇಷ್ಟಕ್ಕೂ ಬೇಕಾದದ್ದು ಆಧಾರ್ ಸಂಖ್ಯೆಯ ಆ 12 ಅಂಕಿ. ಅದು ಬಾಯಿಪಾಠ ಇಲ್ಲದಿದ್ದರೆ ನೀವು ತಂಗಿದ್ದ ಹೋಟೆಲ್ಲಿಗೆ ಹೋಗಿ. ಕೊಠಡಿ ಕೊಡುವಾಗ ಅವರು ನಿಮ್ಮ ಗುರುತಿನ ಚೀಟಿಯ ಜೆರಾಕ್ಸ್ ಇಟ್ಟುಕೊಂಡಿರುತ್ತಾರೆ. ಆ ಜೆರಾಕ್ಸ್ ಏರ್‌ಪೋರ್ಟಿನಲ್ಲಿ ನಡೆಯದು, ಆದರೆ ಸಂಖ್ಯೆ ಸಿಗುತ್ತದೆ, ಪೊಲೀಸರಿಗೆ ತೋರಿಸಲು ಒಂದು ಆಧಾರವೂ ಆಗುತ್ತದೆ.

ಪೊಲೀಸ್ ಠಾಣೆಗೆ ಹೋಗಲೇಬೇಕೆ? ಹೋಗಬೇಕು, ಆದರೆ ಅಲ್ಲಿ ಸಿಗುವ ಕಾಗದ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬ ಅರಿವಿರಲಿ. ದೂರಿನ ಪ್ರತಿ ಗುರುತಿನ ಚೀಟಿಯಲ್ಲ, ಬಿಸಿಎಎಸ್ ಪಟ್ಟಿಯಲ್ಲಿ ಅದರ ಹೆಸರಿಲ್ಲ. ಅದೊಂದನ್ನೇ ಹಿಡಿದು ಹೋದವರನ್ನು ಬಾಗಿಲಲ್ಲಿ ನಿಲ್ಲಿಸಿದರೆ ನಿಯಮದ ಪ್ರಕಾರ ಅದು ಸರಿಯೇ. ಆದರೆ ಬದಲಿ ಕಾರ್ಡುಗಳಿಗೆ, ಬ್ಯಾಂಕಿಗೆ, ವಿಮೆಗೆ, ಪಾಸ್‌ಪೋರ್ಟ್ ಕಳೆದಿದ್ದರಂತೂ ಖಂಡಿತವಾಗಿ ಅದು ಬೇಕು. ನಿಮ್ಮ ಚೀಟಿ ದುರುಪಯೋಗವಾದರೆ ರಕ್ಷಣೆಯೂ ಅದೇ. ಬಿದ್ದುಹೋಗಿದ್ದರೆ ಕಳೆದ ವಸ್ತುವಿನ ವರದಿ ಸಾಕು. ಕರ್ನಾಟಕ ಪೊಲೀಸರ ಇ-ಲಾಸ್ಟ್, ದಿಲ್ಲಿ ಪೊಲೀಸರ ಲಾಸ್ಟ್ ರಿಪೋರ್ಟ್, ಉತ್ತರ ಪ್ರದೇಶದ ಯುಪಿಕಾಪ್ ಆ್ಯಪಿನಲ್ಲಿ ಆನ್‌ಲೈನ್ ಆಗಿಯೇ ಕೊಡಬಹುದು. ಕದ್ದಿದ್ದಾರೆ ಎಂದು ಖಚಿತವಿದ್ದರೆ ಎಫ್ಐಆರ್ ಕೇಳಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಘಟನೆ ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ದೂರು ಪಡೆಯಬೇಕು, ಪ್ರತಿಯನ್ನು ಉಚಿತವಾಗಿ ಕೊಡಬೇಕು. ‘ಅದು ನಮ್ಮ ಠಾಣೆಗೆ ಬರುವುದಿಲ್ಲ’ ಎಂದು ಕಳಿಸಿದರೆ ಈ ಸೆಕ್ಷನ್ನಿನ ಸಂಖ್ಯೆಯನ್ನು ವಿನಯದಿಂದಲೇ ಹೇಳಿ.

ಕಾರ್ಡುಗಳನ್ನು ತಡೆಹಿಡಿಸುವುದು ಠಾಣೆಗೆ ಹೋಗುವುದಕ್ಕಿಂತ ಮೊದಲ ಕೆಲಸ. ಬ್ಯಾಂಕಿನ ಅಥವಾ ವಿಮಾನ ಕಂಪನಿಯ ನಂಬರನ್ನು ಗೂಗಲ್ಲಿನಲ್ಲಿ ಹುಡುಕಿ ಸಿಕ್ಕಿದ್ದಕ್ಕೆ ಕರೆ ಮಾಡಬೇಡಿ. ಗಾಬರಿಯಲ್ಲಿರುವವರನ್ನೇ ಕಾಯುತ್ತಾ ಸುಳ್ಳು ಸಹಾಯವಾಣಿ ನಂಬರು ಹಾಕಿರುವ ವಂಚಕರಿದ್ದಾರೆ. ಬ್ಯಾಂಕಿನ ಆ್ಯಪ್, ಅಧಿಕೃತ ಜಾಲತಾಣ ಅಥವಾ ಮನೆಯಲ್ಲಿರುವ ಪಾಸ್‌ಬುಕ್ಕಿನ ಹಿಂಬದಿಯ ನಂಬರು ಬಳಸಿ. ಖಾತೆಯಿಂದ ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಿ. ಫೋನ್ ಕಳೆದಿದ್ದರೆ ಸಂಚಾರ್ ಸಾಥಿ ಜಾಲತಾಣದಲ್ಲಿ ಅದನ್ನು ತಡೆಹಿಡಿಸಬಹುದು. ಅದಕ್ಕೂ ಪೊಲೀಸ್ ದೂರಿನ ಪ್ರತಿ ಬೇಕು.

ಯಾವ ದಾರಿಯೂ ಇಲ್ಲದಾಗ

ಬೆರಳಚ್ಚು ಕೂಡಲಿಲ್ಲ, ಒಟಿಪಿ ಬರಲಿಲ್ಲ, ಭಾನುವಾರ, ಕೇಂದ್ರಕ್ಕೆ ಬಾಗಿಲು. ಆಗಲೂ 2017ರ ಸುತ್ತೋಲೆ ಒಂದು ಕಿಂಡಿ ಬಿಟ್ಟಿದೆ, ಇದು ತಿಳಿದವರು ಕಡಿಮೆ. ಸಕಾರಣವಾಗಿ ಯಾವ ದಾಖಲೆಯನ್ನೂ ತೋರಿಸಲಾಗದ ಪ್ರಯಾಣಿಕರು ಕೇಂದ್ರ ಅಥವಾ ರಾಜ್ಯ ಸರಕಾರದ ಗ್ರೂಪ್ ‘ಎ’ ಗೆಜೆಟೆಡ್ ಅಧಿಕಾರಿ ಕೊಟ್ಟ ಗುರುತಿನ ಪ್ರಮಾಣಪತ್ರ ತೋರಿಸಿ ಪ್ರಯಾಣಿಸಬಹುದು. ಅಧಿಕಾರಿಯ ಲೆಟರ್‌ಹೆಡ್ಡಿನ ಮೇಲೆ ನಿಮ್ಮ ಹೆಸರು, ತಂದೆ ಅಥವಾ ಗಂಡನ ಹೆಸರು, ಹುಟ್ಟಿದ ದಿನ, ವಿಳಾಸ ಇರಲಿ. ಫೋಟೊ ಅಂಟಿಸಿ, ಅದರ ಮೇಲೂ ಕಾಗದದ ಮೇಲೂ ಹಾಯುವಂತೆ ಸಹಿ ಮತ್ತು ಮೊಹರು ಹಾಕಿಸಿ. ಪೊಲೀಸ್ ದೂರಿನ ಸಂಖ್ಯೆ, ಪಿಎನ್ಆರ್ ಬರೆಸಿದರೆ ಇನ್ನೂ ಒಳ್ಳೆಯದು. ಪರ ಊರಿನಲ್ಲಿ ಅಂಥ ಅಧಿಕಾರಿ ಎಲ್ಲಿ? ಡಿವೈಎಸ್‌ಪಿ ಮಟ್ಟದ ಪೊಲೀಸ್ ಅಧಿಕಾರಿ, ಸರಕಾರಿ ಆಸ್ಪತ್ರೆಯ ಹಿರಿಯ ವೈದ್ಯರು, ಸರಕಾರಿ ಕಾಲೇಜಿನ ಪ್ರಾಂಶುಪಾಲರಂಥವರನ್ನು ಕೇಳಬಹುದು. ದಿಲ್ಲಿಯಲ್ಲಿದ್ದರೆ ಕರ್ನಾಟಕ ಭವನದ ನಿವಾಸಿ ಆಯುಕ್ತರ ಕಚೇರಿ ಇದೆ. ಅಪರಿಚಿತರಿಗೆ ಸಹಿ ಹಾಕಲು ಯಾವ ಅಧಿಕಾರಿಯೂ ಹಿಂಜರಿಯುತ್ತಾರೆ, ಅದು ಸಹಜ. ಹೋಟೆಲಿನ ಜೆರಾಕ್ಸ್, ದೂರಿನ ಪ್ರತಿ, ಟಿಕೆಟ್, ಊರಿನಲ್ಲಿ ನಿಮ್ಮನ್ನು ಬಲ್ಲ ಸರಕಾರಿ ನೌಕರರೊಬ್ಬರ ಫೋನ್ ಕರೆ ಇವೆಲ್ಲ ಒಟ್ಟಿಗೆ ಇದ್ದರೆ ಅವರ ಕೆಲಸ ಹಗುರಾಗುತ್ತದೆ.

ಜೊತೆಗೆ ಮಕ್ಕಳಿದ್ದರೆ ಅವರ ಚಿಂತೆ ಬೇಡ. ದಾಖಲೆ ಇರುವ ತಂದೆ ಅಥವಾ ತಾಯಿಯ ಜೊತೆ ಹೋಗುವ ಅಪ್ರಾಪ್ತರಿಗೆ ಪ್ರತ್ಯೇಕ ಗುರುತಿನ ಚೀಟಿ ಕಡ್ಡಾಯವಲ್ಲ.

ಏರ್‌ಪೋರ್ಟಿಗೆ ಮಾಮೂಲಿಗಿಂತ ಒಂದೆರಡು ಗಂಟೆ ಮುಂಚೆ ಹೋಗಿ. ವೆಬ್ ಚೆಕ್-ಇನ್ ಮಾಡಿ ಬೋರ್ಡಿಂಗ್ ಪಾಸಿನ ಪ್ರಿಂಟ್ ಇಟ್ಟುಕೊಳ್ಳಿ. ಬಾಗಿಲಲ್ಲಿ ಯೋಧ ಅನುಮಾನಪಟ್ಟರೆ ವಾದ ಬೆಳೆಸಬೇಡಿ. ಪಾಳಿಯ ಮೇಲಧಿಕಾರಿಯನ್ನು ಕಾಣಬಹುದೇ ಎಂದು ಕೇಳಿ, ಹೊರಗಿನ ಟಿಕೆಟ್ ಕೌಂಟರಿನಲ್ಲಿರುವ ವಿಮಾನ ಕಂಪನಿಯವರನ್ನೂ ಕರೆಸಿಕೊಳ್ಳಿ. ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ವಿಮಾನ ಹೊರಡುವ 60 ನಿಮಿಷ ಮೊದಲೇ ಮುಚ್ಚುತ್ತದೆ ಎಂಬುದು ಲೆಕ್ಕದಲ್ಲಿರಲಿ. ಪರ್ಸ್ ಏರ್‌ಪೋರ್ಟಿನ ತಪಾಸಣೆಯ ಟ್ರೇಯಲ್ಲೇ ಉಳಿದಿರುವ ಸಂಭವವಿದ್ದರೆ ಸಿಐಎಸ್‌ಎಫ್ ಜಾಲತಾಣದಲ್ಲಿ ಸಿಕ್ಕ ವಸ್ತುಗಳ ಪಟ್ಟಿ ಇರುತ್ತದೆ, ನೋಡಿ.

ದಾಖಲೆ ಹೊತ್ತಿಗೆ ಸಿಗುವುದಿಲ್ಲ ಅನ್ನಿಸಿದರೆ ವಿಮಾನ ತಪ್ಪುವವರೆಗೆ ಕಾಯದೆ ಮೊದಲೇ ದಿನಾಂಕ ಬದಲಿಸುವುದು ಅಗ್ಗ. ತಪ್ಪಿಯೇ ಹೋದರೂ ಟಿಕೆಟ್ಟಿನಲ್ಲಿ ಸೇರಿದ್ದ ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕಗಳನ್ನು ಕಂಪನಿ ಹಿಂದಿರುಗಿಸಬೇಕೆಂದು ವಿಮಾನಯಾನ ನಿಯಂತ್ರಕ ಡಿಜಿಸಿಎಯ ನಿಯಮವಿದೆ, ಕೇಳಿ ಪಡೆಯಿರಿ. ವಿಮಾನ ಬಿಟ್ಟು ರೈಲು ಹಿಡಿಯುವುದಾದರೆ, ಒಂದೇ ಪಿಎನ್ಆರ್‌ನಲ್ಲಿರುವವರಲ್ಲಿ ಒಬ್ಬರ ಗುರುತಿನ ಚೀಟಿ ಇದ್ದರೂ ಸಾಕು. ದಂಪತಿಗಳಲ್ಲಿ ಒಬ್ಬರದು ಮಾತ್ರ ಕಳೆದಿದ್ದರೆ ರೈಲು ನಿಜವಾಗಿಯೂ ಪರಿಹಾರ.

ಅಮೆರಿಕದಲ್ಲಿರುವ ಕನ್ನಡಿಗರಿಗೆ

ಅಲ್ಲಿನ ಪದ್ಧತಿಯೇ ಬೇರೆ. 2005ರ ರಿಯಲ್ ಐಡಿ ಕಾಯ್ದೆ ವಿಮಾನ ನಿಲ್ದಾಣಗಳಲ್ಲಿ ಜಾರಿಗೆ ಬಂದದ್ದು 2025ರ ಮೇ 7ರಂದು. ಲೈಸೆನ್ಸ್ ಕಳೆದವರು ಭಾರತದ ಪಾಸ್‌ಪೋರ್ಟ್, ಗ್ರೀನ್ ಕಾರ್ಡ್ ಅಥವಾ ಉದ್ಯೋಗ ಪರವಾನಗಿ ಕಾರ್ಡ್ ತೋರಿಸಬಹುದು. ಯಾವುದೂ ಇಲ್ಲದಿದ್ದರೂ ಅಲ್ಲಿನ ಭದ್ರತಾ ಸಂಸ್ಥೆ ಟಿಎಸ್ಎ ನೇರವಾಗಿ ಹಿಂದೆ ಕಳಿಸುವುದಿಲ್ಲ. ವಿವರ ಪಡೆದು ಗುರುತನ್ನು ತಾನೇ ಪರಿಶೀಲಿಸುತ್ತದೆ. 2026ರ ಫೆಬ್ರುವರಿ 1ರಿಂದ ಈ ಸೇವೆಗೆ ಕನ್ಫರ್ಮ್ ಐಡಿ ಎಂಬ ಹೆಸರಿನಲ್ಲಿ 45 ಡಾಲರ್ ಶುಲ್ಕವಿದೆ, ಒಮ್ಮೆ ಕಟ್ಟಿದರೆ 10 ದಿನ ನಡೆಯುತ್ತದೆ. ಗುರುತು ಖಚಿತವಾಗದಿದ್ದರೆ ಒಳಗೆ ಬಿಡುವುದಿಲ್ಲ, ಖಚಿತವಾದರೂ ಹೆಚ್ಚಿನ ತಪಾಸಣೆ ಇರಬಹುದು. ಮಕ್ಕಳನ್ನು ನೋಡಲು ಬಂದ ತಂದೆ ತಾಯಿಯ ಹೆಸರಿನಲ್ಲಿ ಅಲ್ಲಿ ಬ್ಯಾಂಕ್ ಖಾತೆ, ಬಾಡಿಗೆ ಕರಾರಿನಂಥ ಯಾವ ದಾಖಲೆಯೂ ಇರುವುದಿಲ್ಲ. ಅವರ ಪಾಸ್‌ಪೋರ್ಟ್ ಕಳೆದಾಗ ಈ ದಾರಿಯನ್ನು ನೆಚ್ಚಿಕೊಳ್ಳಬಾರದು. ಸ್ಥಳೀಯ ಪೊಲೀಸ್ ವರದಿ ಪಡೆದು ಭಾರತೀಯ ಕಾನ್ಸುಲೇಟನ್ನು ಸಂಪರ್ಕಿಸಿ, ವಿಮಾನದ ಬದಲು ಕಾರಿನಲ್ಲಿ ಮನೆ ಸೇರುವುದು ಲೇಸು. ಅಮೆರಿಕ ಪ್ರವೇಶದ ಐ-94 ದಾಖಲೆಯನ್ನು ಅಲ್ಲಿನ ಗಡಿ ಇಲಾಖೆಯ ಜಾಲತಾಣದಿಂದ ಮತ್ತೆ ಪಡೆಯಬಹುದು, ಆದರೆ ಅದಕ್ಕೆ ಪಾಸ್‌ಪೋರ್ಟ್ ಸಂಖ್ಯೆ ಬೇಕು. ಮಕ್ಕಳ ಫೋನಿನಲ್ಲಿ ತಂದೆ ತಾಯಿಯ ಪಾಸ್‌ಪೋರ್ಟ್ ಪುಟದ ಚಿತ್ರವಿದ್ದರೆ ಅದು ಉಪಯೋಗಕ್ಕೆ ಬರುವುದು ಇಲ್ಲಿಯೇ.

ಇನ್ನು ಭಾರತದೊಳಗೆ ಪ್ರವಾಸ ಹೋದವರು ಊರಿಗೆ ಮರಳಿದ ಮೇಲೆ ಲೈಸೆನ್ಸಿನ ನಕಲಿಗೆ ಪರಿವಾಹನ್ ಸಾರಥಿ ಜಾಲತಾಣ, ಮತದಾರರ ಚೀಟಿಗೆ ಫಾರ್ಮ್ 8, ಪ್ಯಾನ್‌ಗೆ ಮರುಮುದ್ರಣದ ಅರ್ಜಿ. ಇವು ನಿಧಾನವಾಗಿ ಆಗುತ್ತವೆ. ಪಾಸ್‌ಪೋರ್ಟ್ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಕಳೆದಿದೆ ಎಂದು ತಿಳಿಸಿ ಹೊಸದನ್ನು ಪಡೆದ ಮೇಲೆ ಹಳೆಯದು ರದ್ದಾಗಿರುತ್ತದೆ. ವಾರದ ಬಳಿಕ ಅದು ಸೂಟ್‌ಕೇಸಿನ ಒಳಜೇಬಿನಲ್ಲೇ ಸಿಕ್ಕಿದರೂ ಅದನ್ನು ತೋರಿಸಿ ಪ್ರಯಾಣಿಸುವಂತಿಲ್ಲ. ಪಾಸ್‌ಪೋರ್ಟ್ ಕಚೇರಿಗೆ ಒಪ್ಪಿಸಿಬಿಡಿ.